ಹೆಡ್‌ಲೈಟು ತಲೆ ತಗ್ಗಿಸಿದ ಕಥೆ

ಶಿವಮೊಗ್ಗದಿಂದ ಭದ್ರಾವತಿಗೆ ಬಿ.ಎಚ್. ರಸ್ತೆಯಲ್ಲಿ ರಾತ್ರಿ ಹೋಗುವಾಗ ಎದುರು ಗಾಡಿಯ ಬೆಳಕು ಕಣ್ಣಿಗೆ ಹೊಡೆದರೆ ನಾವೆಲ್ಲ ಬೈದುಕೊಳ್ಳುತ್ತೇವೆ. ಬೆಳಕು ತೀರಾ ಕೆಳಗೆ ಬೀಳುವ ಕಾರನ್ನು ಮಾತ್ರ ಯಾರೂ ಬೈಯುವುದಿಲ್ಲ. ನನಗೆ ಹೆದರಿಕೆ ಅದರದ್ದೇ.

ಹೆಡ್‌ಲೈಟಿನ ಇತಿಹಾಸವೇ ಹಾಗಿದೆ ಮಾರಾಯ್ರೆ. ಮೊದಲು ಇದ್ದದ್ದು ಕಾರ್ಬೈಡ್ ಗ್ಯಾಸಿನ ದೀಪ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಕರೆಂಟು ದೀಪ ಬಂತು. ಬೆಳಕು ಹೆಚ್ಚಿದಂತೆ ಎದುರಿನವರ ಕಣ್ಣು ಕುಕ್ಕುವುದೂ ಹೆಚ್ಚಿತು. 1924ರ ಬೈಲಕ್ಸ್ ಬಲ್ಬಿನೊಳಗೆ ಎರಡು ಫಿಲಮೆಂಟ್, ದೂರಕ್ಕೊಂದು, ಡಿಪ್ಪಿಗೊಂದು. ನಮ್ಮ ಹಳೇ ಅಂಬಾಸಿಡರ್‌ನಲ್ಲಿ ಡಿಪ್ ಮಾಡಲು ಕಾಲಡಿಯಲ್ಲೇ ಸ್ವಿಚ್ಚು! ಲಾರಿ, ಬಸ್ಸುಗಳ ದೀಪದ ಮೇಲರ್ಧಕ್ಕೆ ಕಪ್ಪು ಬಳಿಯುತ್ತಿದ್ದ ಕಾಲವೂ ಇತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಹೇಳುವುದೂ ಅದನ್ನೇ: 8 ಮೀಟರ್ ದೂರದಲ್ಲಿ, 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಹೊಡೆಯಬಾರದು. ಎಲ್ಲವೂ ಎದುರಿನವನ ಕಣ್ಣಿನ ಚಿಂತೆ. ಓಡಿಸುವವನ ಕಣ್ಣು?

ನೀವೇ ಲೆಕ್ಕ ಹಾಕಿ. ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಅನ್ನಿ. ಬೆಳಕಿನ ಮೇಲಂಚು 10 ಮೀಟರಿಗೆ 10 ಸೆಂ.ಮೀ. ಇಳಿದರೆ 65 ಮೀಟರ್ ತನಕ ರಸ್ತೆ ಕಾಣುತ್ತದೆ. 30 ಸೆಂ.ಮೀ. ಇಳಿದರೆ 22 ಮೀಟರೂ ಇಲ್ಲ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೇ 17 ಮೀಟರ್ ಹೋಗಿರುತ್ತದೆ, ಕಾಲು ಇನ್ನೂ ಬ್ರೇಕಿಗೆ ಹೋಗಿರುವುದಿಲ್ಲ. ಮುಂದೆ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಇದ್ದರೆ ಮುಗೀತು.

ಹೀಗಾದಾಗ ಮೊದಲು ಡಿಕ್ಕಿಯ ಭಾರ, ಟೈರಿನ ಗಾಳಿ, ಡ್ಯಾಶ್‌ಬೋರ್ಡಿನಲ್ಲಿ ದೀಪ ಏರಿಳಿಸುವ ಗುಂಡಿ ನೋಡಿ. ಆಮೇಲೆ ಗೋಡೆಯೆದುರು ನಿಲ್ಲಿಸಿ ದೀಪದ ಹಿಂದಿನ ಸ್ಕ್ರೂ ತಿರುಗಿಸಿ. ಭದ್ರಾವತಿಯ ಗೆಳೆಯನೊಬ್ಬನ ಕಾರಿಗೆ 100 ವ್ಯಾಟಿನ ಬಲ್ಬು ಹಾಕಿಸಿ ಎಂದಿದ್ದರಂತೆ. ಹೋಗಿ ನೋಡಿದರೆ ಗುಂಡಿ 3ರಲ್ಲಿತ್ತು. 0ಗೆ ತಿರುಗಿಸಿದೆವು, ಅಷ್ಟೆ.