ಅಹವಾಲು ಮತ್ತು ಮತ: 1967ರ ಗೋವಾ, ಕಾಸರಗೋಡು ಹಾಗೂ ಜನತೆಯ ಪರಮಾಧಿಕಾರ

ಗಡಿನಾಡುಗಳ ಇತಿಹಾಸದಲ್ಲಿ 1967 ಗಮನಾರ್ಹವಾದ ವರ್ಷ. ಆ ವರ್ಷದ ಜನವರಿ 16ರಂದು ಗೋವೆಯ ಮತದಾರರ ಮುಂದೆ ಒಂದೇ ಪ್ರಶ್ನೆಯನ್ನು ಇಡಲಾಯಿತು: ತಮ್ಮ ಪ್ರದೇಶವು ಮಹಾರಾಷ್ಟ್ರದಲ್ಲಿ ವಿಲೀನಗೊಳ್ಳಬೇಕೆ, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೆ? ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕ ಅಸ್ತಿತ್ವಕ್ಕೆ ಎರಡು ಎಲೆಗಳ ಚಿಹ್ನೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವು ಕೇಂದ್ರ ಸರ್ಕಾರಕ್ಕೆ ವರದಿ ಸಲ್ಲಿಸಿತು. ಚಂದ್ರಗಿರಿ–ಪಯಸ್ವಿನಿ ನದಿಗಳಿಗೆ ಉತ್ತರದಲ್ಲಿರುವ ಕಾಸರಗೋಡಿನ ಭಾಗ, ಅಕ್ಕಲಕೋಟೆ, ಜತ್ತ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳು, ಬೆಳಗಾವಿ, ನಿಪ್ಪಾಣಿ ಮತ್ತು ಖಾನಾಪುರ ಯಾವ ರಾಜ್ಯಕ್ಕೆ ಸೇರಬೇಕೆಂಬುದನ್ನು ಅದು ವಿಚಾರಿಸಿತ್ತು. ಈ ಪ್ರದೇಶಗಳ ಜನರ ಮುಂದೆ ಯಾವ ಮತಪೆಟ್ಟಿಗೆಯೂ ಬರಲಿಲ್ಲ. ಒಂದೇ ಗಣರಾಜ್ಯ ಎರಡು ಜನಸಮುದಾಯಗಳನ್ನು ಎರಡು ಬಗೆಯಲ್ಲಿ ನಡೆಸಿಕೊಂಡ ಈ ಪ್ರಸಂಗವು ಉದಾರವಾದಿ ಪ್ರಜಾಪ್ರಭುತ್ವದ ಮೂಲಭೂತ ತೊಡಕೊಂದನ್ನು ಹೊರಗೆಡಹುತ್ತದೆ.

ಆಧುನಿಕ ಉದಾರವಾದಿ ರಾಜ್ಯವ್ಯವಸ್ಥೆ ಎರಡು ತತ್ತ್ವಗಳನ್ನು ಕೂಡಿಸಿ ಕಟ್ಟಿದ ಮನೆ. ವ್ಯಕ್ತಿಯ ಹಕ್ಕು, ಕಾನೂನಿನ ಆಳ್ವಿಕೆ, ನಿಷ್ಪಕ್ಷಪಾತ ಸಂಸ್ಥೆಗಳು ಒಂದು ತತ್ತ್ವಕ್ಕೆ ಸೇರಿದವು. ಅಧಿಕಾರದ ಮೂಲ ಜನತೆಯೇ ಎಂಬುದು ಇನ್ನೊಂದು. ಅಮೆರಿಕದ ಚಿಂತಕ ಮೈಕೆಲ್ ಸ್ಯಾಂಡೆಲ್ 1996ರ ತಮ್ಮ ಗ್ರಂಥದಲ್ಲಿ, ಮೊದಲ ತತ್ತ್ವ ಬೆಳೆದಂತೆ ಎರಡನೆಯದು ಸೊರಗಿತೆಂದೂ, ಹಕ್ಕುಗಳನ್ನು ಹೊಂದಿದ ನಾಗರಿಕನಿಗೆ ತನ್ನ ಬದುಕನ್ನು ಆಳುವ ಶಕ್ತಿಗಳ ಮೇಲೆ ಹಿಡಿತವಿಲ್ಲವೆಂಬ ಅತೃಪ್ತಿ ಹುಟ್ಟಿತೆಂದೂ ವಾದಿಸಿದರು. ಆ ವಾದದ ನೆಲ ಅಮೆರಿಕ. ಆದರೆ ಅದು ಗುರುತಿಸಿದ ಅತೃಪ್ತಿಗೆ ಗಡಿನಾಡ ಕನ್ನಡಿಗರ ಅನುಭವದಲ್ಲಿ ನಾಲ್ಕು ದಶಕಗಳಷ್ಟು ಹಿಂದಿನ ಪೂರ್ವರೂಪವಿದೆ.

ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1953ರ ಡಿಸೆಂಬರಿನಲ್ಲಿ ನೇಮಕವಾಗಿ 1955ರ ಸೆಪ್ಟೆಂಬರ್ 30ರಂದು ವರದಿ ಸಲ್ಲಿಸಿತು. ಅದಕ್ಕೆ ಬಂದ ಮನವಿಪತ್ರಗಳು ಮತ್ತಿತರ ಬರಹಗಳು 1,52,250; ಅದು ಸಂದರ್ಶಿಸಿದವರು 9,000ಕ್ಕೂ ಹೆಚ್ಚು. ಜನರ ಮಾತನ್ನು ಕೇಳುವುದರಲ್ಲಿ ಆಯೋಗ ಕೊರತೆ ಮಾಡಿತೆಂದು ಹೇಳಲಾಗದು. ಆದರೆ ಅಹವಾಲು ಕೇಳುವುದಕ್ಕೂ ತೀರ್ಮಾನ ಕೇಳುವುದಕ್ಕೂ ಅಂತರವಿದೆ. ಅಹವಾಲು ಹೇಳುವವನು ಅರ್ಜಿದಾರ, ಮತ ಹಾಕುವವನು ಒಡೆಯ. ಕಾಸರಗೋಡು ತಾಲ್ಲೂಕನ್ನು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಡಿಸಿ ಕೇರಳಕ್ಕೆ ಸೇರಿಸಬೇಕೆಂಬ ಶಿಫಾರಸು 1956ರ ನವೆಂಬರ್ 1ರಂದು ಜಾರಿಗೆ ಬಂದಾಗ, ತಾಲ್ಲೂಕಿನ ಜನ ಅರ್ಜಿದಾರರಾಗಿಯೇ ಉಳಿದಿದ್ದರು.

ಇದು ಆಕಸ್ಮಿಕವಲ್ಲ, ಸಂವಿಧಾನದ 3ನೇ ವಿಧಿಯ ಸಹಜ ಪರಿಣಾಮ. ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಬಾಧಿತ ರಾಜ್ಯದ ಶಾಸಕಾಂಗ ಅಭಿಪ್ರಾಯ ತಿಳಿಸಬಹುದು, ತಡೆಯಲಾರದು. ಆ ಅಭಿಪ್ರಾಯಕ್ಕೂ ರಾಷ್ಟ್ರಪತಿಗಳು ಗಡುವು ವಿಧಿಸಬಹುದೆಂದು 1955ರ ಐದನೇ ತಿದ್ದುಪಡಿ ಸೇರಿಸಿತು. ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಈ ಏರ್ಪಾಟು ಸರ್ವೋಚ್ಚ ನ್ಯಾಯಾಲಯದ ಪರೀಕ್ಷೆಗೆ ಒಳಗಾಯಿತು. ಮುಂಬಯಿ ಪ್ರಾಂತವನ್ನು ಮೂರು ಘಟಕಗಳಾಗಿ ವಿಭಜಿಸುವ ಮಸೂದೆಯ ಬಗೆಗೆ ಶಾಸಕಾಂಗದ ಅಭಿಪ್ರಾಯ ಪಡೆದು, ಸಂಸತ್ತು ಅದನ್ನು ಒಂದೇ ದ್ವಿಭಾಷಾ ರಾಜ್ಯವಾಗಿ ಮಾರ್ಪಡಿಸಿತ್ತು. ಮತ್ತೊಮ್ಮೆ ಅಭಿಪ್ರಾಯ ಕೇಳುವ ಅಗತ್ಯವಿಲ್ಲವೆಂದು ತೀರ್ಪಿತ್ತ ನ್ಯಾಯಾಲಯ, ಅನ್ಯ ದೇಶಗಳ ಪ್ರಜಾಪ್ರಭುತ್ವ ಸಿದ್ಧಾಂತಗಳನ್ನು ಈ ವಿಧಿಯ ಅರ್ಥನಿರ್ಣಯದೊಳಗೆ ತರುವುದು ಸಲ್ಲದೆಂದು ಅಭಿಪ್ರಾಯಪಟ್ಟಿತು. ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸುಸಂಗತ. ಪೀಠಿಕೆಯಲ್ಲಿ ಜನತೆಯ ಹೆಸರಿನಿಂದ ಆರಂಭವಾಗುವ ಸಂವಿಧಾನದಲ್ಲಿ ಗಡಿಯ ಜನತೆಗೆ ಎಷ್ಟು ಸ್ಥಳವಿದೆಯೆಂಬುದನ್ನೂ ಅದು ಸ್ಪಷ್ಟಪಡಿಸಿತು.

ಕಳೆದುಹೋದದ್ದಕ್ಕೆ ಬದಲಾಗಿ ದೊರೆತದ್ದು ರಕ್ಷಣೋಪಾಯಗಳು. 1956ರ ಏಳನೇ ತಿದ್ದುಪಡಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕಾಗಿ 350ಎ ವಿಧಿಯನ್ನೂ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗಾಗಿ 350ಬಿ ವಿಧಿಯನ್ನೂ ಸೇರಿಸಿತು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕ. ಜನಸಂಖ್ಯೆಯಲ್ಲಿ ಶೇಕಡಾ 30ರಷ್ಟಿದ್ದರೆ ದ್ವಿಭಾಷಾ ಆಡಳಿತ. ಇವುಗಳ ಪ್ರಯೋಜನ ಸಣ್ಣದಲ್ಲ. ಇವಿಲ್ಲದಿದ್ದರೆ ಗಡಿಯಾಚೆಯ ಅನೇಕ ಕನ್ನಡ ಶಾಲೆಗಳಿಗೆ ಕಾನೂನಿನ ಆಧಾರವೇ ಇರುತ್ತಿರಲಿಲ್ಲ. ಆದರೂ ಈ ಲೆಕ್ಕದೊಳಗೆ ಸಮುದಾಯವೊಂದರ ರಾಜಕೀಯ ಇಚ್ಛೆ ಶೇಕಡಾವಾರು ಪ್ರಮಾಣವಾಗಿ ಮಾರ್ಪಟ್ಟಿತು. ಜನ ತಮ್ಮ ಆಳ್ವಿಕೆಯ ಚೌಕಟ್ಟನ್ನು ನಿರ್ಧರಿಸುವವರಾಗಿ ಕಾಣಲಿಲ್ಲ, ಎಣಿಸಬೇಕಾದ ಫಲಾನುಭವಿಗಳಾಗಿ ಕಂಡರು.

ಕಾಸರಗೋಡಿನ ಕನ್ನಡಿಗರು ತಮ್ಮಲ್ಲಿದ್ದ ಏಕೈಕ ಸಾಧನವಾದ ಸಾಮಾನ್ಯ ಚುನಾವಣೆಯನ್ನೇ ಬಳಸಿದರು. ಕೇರಳ ವಿಧಾನಸಭೆಯ 1957ರ ಪ್ರಥಮ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ವಿಲೀನೀಕರಣ ಹೋರಾಟದ ಮುಂದಾಳು ಕಳ್ಳಿಗೆ ಮಹಾಬಲ ಭಂಡಾರಿ 1960ರಲ್ಲಿಯೂ 1967ರಲ್ಲಿಯೂ ಅದೇ ಕ್ಷೇತ್ರದಿಂದ ಗೆದ್ದರು. ಕಯ್ಯಾರ ಕಿಞ್ಞಣ್ಣ ರೈ ಅವರಂಥ ಕವಿಗಳು ಈ ಹೋರಾಟಕ್ಕೆ ದನಿಯಾದರು. ಆದರೆ ಶಾಸಕನನ್ನು ಕಳುಹಿಸುವ ಮತಕ್ಕೆ ರಾಜ್ಯವನ್ನು ಆರಿಸುವ ಬಲವಿರಲಿಲ್ಲ. ಯಾವ ಸಭೆಯ ವ್ಯಾಪ್ತಿಯಿಂದ ಹೊರಬರಬೇಕೆಂದು ಜನ ಬಯಸಿದ್ದರೋ ಆ ಸಭೆಗೇ ಸದಸ್ಯನನ್ನು ಕಳುಹಿಸಬೇಕಾದುದು ಈ ರಾಜಕಾರಣದ ವಿಪರ್ಯಾಸ.

ಗೋವೆಯ ಉದಾಹರಣೆ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಅಲ್ಲಿ 1963ರ ಚುನಾವಣೆಯಲ್ಲಿ ವಿಲೀನಪರವಾದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಅಧಿಕಾರಕ್ಕೆ ಬಂದಿತ್ತು. ಆ ಗೆಲುವನ್ನೇ ವಿಲೀನಕ್ಕೆ ಸಿಕ್ಕ ಒಪ್ಪಿಗೆಯೆಂದು ಅದು ವಾದಿಸಿತು. ವಿರೋಧಿಗಳು ಒಪ್ಪಲಿಲ್ಲ. ಕೊನೆಗೆ 1966ರ ಡಿಸೆಂಬರಿನಲ್ಲಿ ಸಂಸತ್ತು ಜನಾಭಿಪ್ರಾಯ ಸಂಗ್ರಹಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ದಯಾನಂದ ಬಾಂದೋಡಕರ್ ಅವರ ಸರ್ಕಾರ ರಾಜೀನಾಮೆ ನೀಡಿತು. ಪ್ರತ್ಯೇಕ ಅಸ್ತಿತ್ವಕ್ಕೆ 1,72,191 ಮತ, ವಿಲೀನಕ್ಕೆ 1,38,170 ಮತ, ಅಂತರ 34,021. ವಿಲೀನಪರ ಪಕ್ಷವನ್ನು ಗೆಲ್ಲಿಸಿದ್ದ ಮತದಾರರೇ ವಿಲೀನವನ್ನು ತಿರಸ್ಕರಿಸಿದ್ದರು. ಸರ್ಕಾರವನ್ನು ಆರಿಸುವ ಮತ ಒಂದು, ರಾಜ್ಯದ ಅಸ್ತಿತ್ವವನ್ನು ನಿರ್ಣಯಿಸುವ ಮತ ಇನ್ನೊಂದು ಎಂಬುದು ಇಲ್ಲಿ ರುಜುವಾತಾಯಿತು. 3ನೇ ವಿಧಿ ಜನರನ್ನು ಕೇಳಲೇಬೇಕೆಂದು ಹೇಳುವುದಿಲ್ಲ, ಕೇಳಬಾರದೆಂದೂ ಹೇಳುವುದಿಲ್ಲ.

ಹಾಗಾದರೆ ಜನಮತವೇ ಎಲ್ಲಕ್ಕೂ ಪರಿಹಾರವೆ? ಬ್ರಿಟಿಷ್ ಸಂವಿಧಾನತಜ್ಞ ಐವರ್ ಜೆನ್ನಿಂಗ್ಸ್ 1956ರಲ್ಲಿಯೇ ಎತ್ತಿದ ಆಕ್ಷೇಪವನ್ನು ಇಲ್ಲಿ ಬದಿಗಿಡಲಾಗದು: ಜನ ತೀರ್ಮಾನಿಸುವ ಮುನ್ನ ಜನರೆಂದರೆ ಯಾರೆಂಬುದನ್ನು ಬೇರೆ ಯಾರೋ ತೀರ್ಮಾನಿಸಿರಬೇಕು. ಗೋವೆಗೆ ಪೋರ್ಚುಗೀಸರ ಕಾಲದ ಗಡಿ ಸಿದ್ಧವಾಗಿತ್ತು. ಕಾಸರಗೋಡಿನಲ್ಲಿ ಘಟಕ ಯಾವುದು? ತಾಲ್ಲೂಕನ್ನು ಇಡಿಯಾಗಿ ಕಂಡ ಫಜಲ್ ಅಲಿ ಆಯೋಗಕ್ಕೆ ಮಲಯಾಳಿ ಬಹುಮತ ಕಂಡಿತು. ನದಿಯನ್ನು ಗೆರೆಯಾಗಿಸಿದ ಮಹಾಜನ ಆಯೋಗಕ್ಕೆ ಅದರ ಉತ್ತರ ಭಾಗ ಮೈಸೂರಿಗೆ ಸಲ್ಲಬೇಕಾದುದಾಗಿ ಕಂಡಿತು. ಆಂಧ್ರ–ಮದರಾಸು ಗಡಿಯಲ್ಲಿ ಪಾಟಸ್ಕರ್ ಸೂತ್ರ ಹಳ್ಳಿಯನ್ನೇ ಘಟಕವಾಗಿಸಿತ್ತು. ಘಟಕ ಬದಲಾದಂತೆ ಬಹುಮತವೂ ಬದಲಾಗುತ್ತದೆ. ಅಲ್ಲದೆ ತತ್ತ್ವವೆಂದ ಮೇಲೆ ಅದು ಎರಡೂ ಕಡೆಗೆ ಸಲ್ಲಬೇಕು: ಮಂಜೇಶ್ವರದ ಕನ್ನಡಿಗನಿಗೆ ಕೇಳಬೇಕಾದ ಪ್ರಶ್ನೆಯನ್ನು ಖಾನಾಪುರದ ಮರಾಠಿಗನಿಗೆ ನಿರಾಕರಿಸಲಾಗದು. ಈ ಸಮಾನತೆಯನ್ನು ಒಪ್ಪಲು ಎರಡೂ ರಾಜ್ಯಗಳ ರಾಜಕಾರಣ ಹಿಂಜರಿದಿದೆ. ಜನತೆಯ ಪರಮಾಧಿಕಾರ ಸೊರಗಿದ್ದಕ್ಕೆ ಈ ಹಿಂಜರಿಕೆಯೂ ಒಂದು ಕಾರಣ.

ಮತದಾನ ನಡೆದ ಕಡೆಯೂ ಸೋತವರು ಉಳಿಯುತ್ತಾರೆ. ಗೋವೆಯಲ್ಲಿ ಅವರ ಸಂಖ್ಯೆ 1,38,170. ಗಡಿಯನ್ನು ಎಲ್ಲಿ ಎಳೆದರೂ ಅದರಾಚೆ ಒಂದು ಅಲ್ಪಸಂಖ್ಯಾತ ಸಮುದಾಯ ಇದ್ದೇ ಇರುವುದರಿಂದ ಉದಾರವಾದ ನೀಡುವ ರಕ್ಷಣೋಪಾಯಗಳು ಯಾವ ಏರ್ಪಾಟಿನಲ್ಲಿಯೂ ಅನಿವಾರ್ಯ. ಅವು ಜನರ ತೀರ್ಮಾನಕ್ಕೆ ಪೂರಕವಾಗಿ ಬರುವುದು ಬೇರೆ, ತೀರ್ಮಾನದ ಜಾಗದಲ್ಲಿಯೇ ಬಂದು ಕೂರುವುದು ಬೇರೆ. ಎರಡನೆಯದು ಸಂಭವಿಸಿದಾಗ ರಕ್ಷಣೆಯೂ ದುರ್ಬಲವಾಗುತ್ತದೆ. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಕಾಸರಗೋಡಿನ ಕನ್ನಡಿಗರು ಮತ್ತೆ ಮನವಿಪತ್ರ ಹಿಡಿದು ಬೀದಿಗಿಳಿಯಬೇಕಾಯಿತು.

ಮಹಾಜನ ವರದಿ ಇಂದಿಗೂ ಜಾರಿಯಾಗಿಲ್ಲ. ಅದನ್ನು ತಿರಸ್ಕರಿಸಿದ ಮಹಾರಾಷ್ಟ್ರ 2004ರಲ್ಲಿ 131ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮೂಲದಾವೆ ಹೂಡಿತು. ಆ ವಿಧಿಯಡಿ ವಾದಿ ಪ್ರತಿವಾದಿಗಳಾಗಬಲ್ಲವು ಒಕ್ಕೂಟ ಮತ್ತು ರಾಜ್ಯಗಳು ಮಾತ್ರ. ವಿವಾದಿತ ಹಳ್ಳಿಗಳ ಜನ ಅಲ್ಲಿ ಪಕ್ಷಗಾರರಾಗಲಾರರು. 1955ರಲ್ಲಿ ಆಯೋಗದ ಮುಂದೆ ಅರ್ಜಿದಾರನಾಗಿದ್ದವನಿಗೆ ಇಲ್ಲಿ ಆ ಸ್ಥಾನವೂ ಇಲ್ಲ. ಅವನು ದಾವೆಯ ವಿಷಯವಾಗಿ ಮಾತ್ರ ಉಳಿದಿದ್ದಾನೆ.