ಪುಸ್ತಕವಾದರೆ ವಿದ್ಯೆ, ಫ್ಲಾಪಿಯಾದರೆ ಆಯುಧ!

ನೀವು ಎಟಿಎಂನಿಂದ ಹಣ ತೆಗೆಯುವಾಗ ನಿಮ್ಮ ಗುಪ್ತಸಂಖ್ಯೆ ಗೂಢಲಿಪಿಯಾಗಿ ಬದಲಾಗಿ ಬ್ಯಾಂಕಿಗೆ ತಲುಪುತ್ತದೆ. ಇಂತಹ ಗೂಢಲಿಪಿಯ ಪ್ರೋಗ್ರಾಂಗಳು ಒಂದು ಕಾಲದಲ್ಲಿ ಅಮೆರಿಕದ ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿದ್ದವು ಎಂದರೆ ನಂಬುವಿರಾ?

ಇದಕ್ಕೆ ಕಾರಣವಿಲ್ಲದಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಸಂದೇಶಗಳನ್ನು ಭೇದಿಸಿ ಓದಿದ್ದರಿಂದ ಮಿತ್ರರಾಷ್ಟ್ರಗಳಿಗೆ ಬಹಳ ನೆರವಾಗಿತ್ತು. ಆದ್ದರಿಂದ ಬಲವಾದ ಗೂಢಲಿಪಿ ಪರವಾನಗಿ ಇಲ್ಲದೆ ದೇಶ ದಾಟಬಾರದು ಎಂಬುದು ಸರ್ಕಾರದ ನಿಲುವು. ಆದರೆ ಈ ನಿಯಮದ ವಿಚಿತ್ರ ನೋಡಿ: 1994ರಲ್ಲಿ ಗೂಢಲಿಪಿ ಶಾಸ್ತ್ರದ ಒಂದು ಪುಸ್ತಕವನ್ನು ಯಾರು ಬೇಕಾದರೂ ವಿದೇಶಕ್ಕೆ ಒಯ್ಯಬಹುದೆಂದ ಸರ್ಕಾರ, ಅದೇ ಪುಸ್ತಕದಲ್ಲಿದ್ದ ಕೋಡ್ ಇರುವ ಫ್ಲಾಪಿಗೆ ಮಾತ್ರ ಪರವಾನಗಿ ಬೇಕೆಂದಿತು!

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಡೇನಿಯಲ್ ಬರ್ನ್‌ಸ್ಟೈನ್ ತಾನು ರಚಿಸಿದ 'ಸ್ನಫಲ್' ಎಂಬ ಪ್ರೋಗ್ರಾಂ ಪ್ರಕಟಿಸಬಹುದೇ ಎಂದು 1992ರಲ್ಲಿ ಸರ್ಕಾರವನ್ನು ಕೇಳಿದರು. ಪರವಾನಗಿ ಬೇಕೆಂಬ ಉತ್ತರ ಬಂತು. 1995ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಕೋಡ್ ಮಾತಲ್ಲ, ಕಂಪ್ಯೂಟರಿಗೆ ಹಾಕಿದೊಡನೆ ಕೆಲಸ ಮಾಡುವ ಸಾಧನ ಎಂದು ಸರ್ಕಾರ ವಾದಿಸಿತು. 1996ರಲ್ಲಿ ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಇದನ್ನು ಒಪ್ಪಲಿಲ್ಲ. ಕೋಡ್ ಕೂಡ ಭಾಷೆಯೇ, ಅದಕ್ಕೂ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದರು.

1999ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೂ 2-1 ಬಹುಮತದಿಂದ ಬರ್ನ್‌ಸ್ಟೈನ್ ಪರ ನಿಂತಿತು. ಪ್ರಕಟಣೆಗೆ ಮುನ್ನವೇ ಅಧಿಕಾರಿಯ ಅಪ್ಪಣೆ ಬೇಕು, ಆದರೆ ಆತನ ವಿವೇಚನೆಗೆ ಮಿತಿಯಿಲ್ಲ, ನಿರಾಕರಿಸಿದರೆ ನ್ಯಾಯಾಲಯದ ಪರಿಶೀಲನೆಯೂ ಇಲ್ಲ. ಇದು ಸಲ್ಲದು ಎಂಬುದು ತೀರ್ಪಿನ ತಿರುಳು. ಮರುವಿಚಾರಣೆಗಾಗಿ ಆ ತೀರ್ಪನ್ನು ಹಿಂಪಡೆಯಲಾಯಿತಾದರೂ 2000ದ ಜನವರಿಯಲ್ಲಿ ಸರ್ಕಾರವೇ ನಿಯಮಗಳನ್ನು ಸಡಿಲಿಸಿತು. ಅದೇ ಏಪ್ರಿಲ್‌ನಲ್ಲಿ ಪ್ರೊ. ಪೀಟರ್ ಜಂಗರ್ ಹೂಡಿದ್ದ ಮೊಕದ್ದಮೆಯಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಕೋಡ್‌ಗೆ ಸಂವಿಧಾನದ ರಕ್ಷಣೆಯಿದೆಯೆಂದು ಹೇಳಿತು. ಜೊತೆಗೆ, ದೇಶದ ಭದ್ರತೆಯನ್ನೂ ತೂಗಿ ನೋಡಬೇಕಾಗುತ್ತದೆ ಎಂದೂ ಒಪ್ಪಿಕೊಂಡಿತು. ರಫ್ತು ನಿಯಂತ್ರಣ ಇಂದಿಗೂ ಪೂರ್ತಿ ಹೋಗಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ವಿದ್ಯೆಯಿಂದ ಅಪಾಯವೇ ಇಲ್ಲ ಎಂದು ಈ ಇತಿಹಾಸ ಹೇಳುವುದಿಲ್ಲ. ಅಪಾಯದ ಹೆಸರಿನಲ್ಲಿ ವಿದ್ಯೆಯನ್ನು ತಡೆಯುವವರು ಕಾರಣ ಕೊಡಬೇಕು, ನ್ಯಾಯಾಲಯಕ್ಕೆ ಉತ್ತರಿಸಬೇಕು ಎನ್ನುತ್ತದೆ. ಸರ್ಕಾರದಿಂದ ಆ ಉತ್ತರ ಕೇಳಿದವರು ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿ ಎಂಬುದನ್ನು ಮರೆಯದಿರಿ.