ಕಳ್ಳನಾರೆಂದು ತಿಳಿದ ಮೇಲೂ: ರೋಚಕ ಕಥನದ ಆಸ್ವಾದ ಕುರಿತು

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಇಂದಿನ ಪತ್ತೇದಾರಿ ಕಥೆಗೆ ತೀರ ಹತ್ತಿರ ಬರುವುದು ವಿದ್ಯುಚ್ಚೋರನೆಂಬ ರಿಸಿಯ ಕಥೆ. ಮಿಥಿಳೆಯ ಅರಸು ವಾಮರಥ. ಅವನ ತಳಾರ, ಅಂದರೆ ಊರ ಕಾವಲಿನ ಅಧಿಕಾರಿ, ಯಮದಂಡ. ಅದೇ ಊರಲ್ಲಿ ಹಗಲು ಕುಷ್ಠರೋಗಿಯ ವೇಷ ತೊಟ್ಟು ಹಾಳು ಗುಡಿಯಲ್ಲಿ ಬಿದ್ದಿರುವ, ಇರುಳಾದರೆ ಚೆಲುವನಾಗಿ ಮೆರೆಯುವ ವಿದ್ಯುಚ್ಚೋರ. ಅವನು ಅರಸನ ಹಾರವನ್ನೇ ಕದಿಯುತ್ತಾನೆ. ಏಳು ದಿನದೊಳಗೆ ಕಳ್ಳನನ್ನು ಹಿಡಿದು ತರದಿದ್ದರೆ ಕಳ್ಳನಿಗಾಗಬೇಕಾದ ಶಿಕ್ಷೆ ನಿನಗೇ ಎಂದು ಅರಸ ತಳಾರನಿಗೆ ಗಡುವು ಹಾಕುತ್ತಾನೆ. ಕಳವಾದ ಮಾಲು, ವೇಷ, ಗಡುವು, ಬೆನ್ನಟ್ಟುವ ಅಧಿಕಾರಿ: ಹತ್ತನೆಯ ಶತಮಾನದ ಕನ್ನಡ ಗದ್ಯದಲ್ಲಿ ಪತ್ತೇದಾರಿಯ ಸರಂಜಾಮೆಲ್ಲ ಸಿದ್ಧವಿದೆ. ಇಲ್ಲದಿರುವುದು ಒಂದೇ, ಕಳ್ಳ ಯಾರೆಂಬ ಗುಟ್ಟು. ಕಥೆಗಾರ ಅದನ್ನು ಆರಂಭದಲ್ಲೇ ಬಿಟ್ಟುಕೊಟ್ಟಿದ್ದಾನೆ. ಅಷ್ಟೇ ಅಲ್ಲ, ಕಥೆಯ ನೆತ್ತಿಯ ಮೇಲಿರುವ ಪ್ರಾಕೃತ ಗಾಹೆ ಈ ವಿದ್ಯುಚ್ಚೋರ ಕೊನೆಗೆ ಘೋರ ವೇದನೆ ಸಹಿಸಿ ಉತ್ತಮಾರ್ಥ ಪಡೆದನೆಂದೂ ಸಾರಿಬಿಡುತ್ತದೆ. 'ರಿಸಿಯ ಕಥೆ' ಎಂದಮೇಲೆ ಕಳ್ಳ ರಿಸಿಯಾಗುವುದು ಖಾತ್ರಿ. ಆದರೂ ಕಥೆ ಓದುಗನ ಕೈ ಬಿಡುವುದಿಲ್ಲ.

ರೋಚಕ ಕಾದಂಬರಿ, ಕರಾಳ ಅಪರಾಧ ಕಥನ, ದೆವ್ವದ ಕಥೆ ಇವುಗಳ ಸುಖ 'ಮುಂದೇನು' ಎಂಬ ಅಜ್ಞಾನದಲ್ಲಿದೆ, ಗುಟ್ಟು ಒಡೆದರೆ ಸುಖವೂ ಮುಗಿಯಿತು ಎಂಬುದು ಸಾಮಾನ್ಯ ನಂಬಿಕೆ. ವಿಮರ್ಶೆ ಈ ಪ್ರಕಾರಗಳನ್ನು ಒಮ್ಮೆ ಓದಿ ಎಸೆಯುವ ಸರಕೆಂದು ಬದಿಗಿಟ್ಟದ್ದೂ ಈ ನಂಬಿಕೆಯಿಂದಲೇ. ಪ್ರಸ್ತುತ ಲೇಖನದ ವಾದ ಬೇರೆ. ಈ ಕಥೆಗಳಲ್ಲಿ ನಮ್ಮನ್ನು ಹಿಡಿದಿಡುವುದು ತಿಳಿಯದಿರುವಿಕೆಯಲ್ಲ, ತಿಳಿವಿನ ಹಂಚಿಕೆ. ಯಾರಿಗೆ ಏನು ಗೊತ್ತು, ಎಷ್ಟು ಹೊತ್ತಿನಿಂದ ಗೊತ್ತು, ಗೊತ್ತಿದ್ದೂ ಯಾರಿಗೆ ಹೇಳಲಾಗುತ್ತಿಲ್ಲ ಎಂಬ ಏರುಪೇರಿನಲ್ಲೇ ಅವುಗಳ ರಸವಿದೆ.

ವಿದ್ಯುಚ್ಚೋರನ ಕಥೆಯ ನಡುಭಾಗವನ್ನೇ ನೋಡಬಹುದು. ಗಡುವಿನ ಕೊನೆಗೆ ತಳಾರ ಆ ಕುಷ್ಠರೋಗಿಯನ್ನು ಎಳೆತಂದು ಇವನೇ ಕಳ್ಳನೆನ್ನುತ್ತಾನೆ. ಸಾಕ್ಷಿಯಿಲ್ಲ. ರೋಗಿ ತಾನಲ್ಲವೆಂದು ಗೋಗರೆಯುತ್ತಾನೆ. ಇರುಳೆಲ್ಲ ಮೂವತ್ತೆರಡು ಬಗೆಯ ದಂಡನೆಗೆ ಒಳಪಡಿಸಿದರೂ ಅವನ ಬಾಯಿಂದ ಒಪ್ಪಿಗೆ ಹೊರಡುವುದಿಲ್ಲ. ಕಥೆಗಾರ ಒಬ್ಬರ ಕೊರಳಿಗೆ ಇನ್ನೊಬ್ಬರ ಕೊರಳು ಕಟ್ಟಿಟ್ಟಿದ್ದಾನೆ: ಕಳ್ಳ ಒಪ್ಪಿಕೊಂಡರೆ ಕಳ್ಳ ಸಾಯಬೇಕು, ಒಪ್ಪದಿದ್ದರೆ ತಳಾರ ಸಾಯಬೇಕು. ತಳಾರನ ಮಾತು ನಿಜವೆಂದು ಓದುಗನಿಗೆ ಗೊತ್ತು, ಸಭೆಗೆ ಗೊತ್ತಿಲ್ಲ. ಕೊನೆಗೆ ಅಭಯ ಸಿಕ್ಕ ಮೇಲೆ ವಿದ್ಯುಚ್ಚೋರ ತಾನೇ ಕಳ್ಳನೆನ್ನುತ್ತಾನೆ. ಇಷ್ಟು ನೋವನ್ನು ತಡೆದದ್ದು ಹೇಗೆಂದರೆ, ನರಕದ ವೇದನೆ ಎಂಥದೆಂದು ಮುನಿಯೊಬ್ಬರಿಂದ ಕೇಳಿದ್ದೆ, ಇದು ಅದರ ಒಂದಂಶವೂ ಅಲ್ಲವೆನ್ನುತ್ತಾನೆ. ತಾನು ಮತ್ತು ಯಮದಂಡ ಬಾಲ್ಯದ ಗೆಳೆಯರು, ಒಬ್ಬ ಕಳವಿನ ವಿದ್ಯೆ, ಇನ್ನೊಬ್ಬ ಕಾವಲಿನ ವಿದ್ಯೆ ಕಲಿತು ಪಂಥ ಕಟ್ಟಿಕೊಂಡವರು ಎಂಬ ಸಂಗತಿ ಹೊರಬರುವುದು ಆಮೇಲೆ. ಕಥೆಗಾರ ಮುಚ್ಚಿಟ್ಟಿದ್ದ ನಿಜವಾದ ಗುಟ್ಟು ಇದು.

ಈ ಗುಟ್ಟು ತಿಳಿದು ಎರಡನೆಯ ಸಲ ಓದಿದರೆ ದಂಡನೆಯ ಇರುಳು ಸಪ್ಪೆಯಾಗಬೇಕಿತ್ತು. ಆಗುವುದು ತದ್ವಿರುದ್ಧ. ಮೊದಲ ಓದಿನಲ್ಲಿ ಅದು ಕಳ್ಳನೊಬ್ಬನ ಗಟ್ಟಿತನ, ಅಷ್ಟೆ. ಎರಡನೆಯ ಓದಿನಲ್ಲಿ ಅವನ ಒಂದೊಂದು ನಿರಾಕರಣೆಯೂ ಗೆಳೆಯನ ಪ್ರಾಣವನ್ನು ಒತ್ತೆಯಿಟ್ಟು ಆಡಿದ ಮಾತಾಗುತ್ತದೆ. ತಿಳಿವು ಇಲ್ಲಿ ಆತಂಕವನ್ನು ಹೆಚ್ಚಿಸಿದೆ.

ಇದೇ ತರ್ಕವನ್ನು ಸಾವಿರ ವರ್ಷದ ಈಚೆಗೆ, ಏನೇನೂ ಸಂಬಂಧವಿಲ್ಲದೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುವ ಚಿತ್ರವೊಂದು ಹಿಡಿದಿದೆ. ಆಲ್‌ಫ್ರೆಡ್ ಹಿಚ್‌ಕಾಕ್‌ನ 'ವರ್ಟಿಗೊ' (1958) ಪಿಯೆರ್ ಬ್ವಾಲೊ ಮತ್ತು ತೋಮಾ ನಾರ್ಸೆಜಾಕ್ 1954ರಲ್ಲಿ ಬರೆದ ಫ್ರೆಂಚ್ ಕಾದಂಬರಿಯನ್ನು ಆಧರಿಸಿದ್ದು. ಮೂರೂ ಪ್ರಕಾರಗಳು ಅದರಲ್ಲಿ ಒಟ್ಟಿಗಿವೆ. ಸತ್ತ ಮುತ್ತಜ್ಜಿ ಕಾರ್ಲೊಟ್ಟಾಳ ಆತ್ಮ ಮೆಡಲಿನ್ ಎಂಬಾಕೆಯನ್ನು ಹೊಕ್ಕಿದೆಯೇ ಎಂಬ ದೆವ್ವದ ಎಳೆ, ಅವಳನ್ನು ಹಿಂಬಾಲಿಸುವ ನಿವೃತ್ತ ಪತ್ತೇದಾರ ಸ್ಕಾಟಿಯ ಎಳೆ, ಅವನನ್ನೇ ದಾಳವಾಗಿಸಿದ ಕೊಲೆಯ ಎಳೆ. ಮೆಡಲಿನ್ ಗಂಟೆಗೋಪುರದಿಂದ ಬಿದ್ದು ಸತ್ತಳೆಂದು ನಂಬಿ ಕುಸಿದುಹೋದ ಸ್ಕಾಟಿಗೆ ಅವಳನ್ನೇ ಹೋಲುವ ಜೂಡಿ ಸಿಗುತ್ತಾಳೆ. ಇಬ್ಬರೂ ಒಬ್ಬಳೇ ಎಂಬುದನ್ನು ಕಾದಂಬರಿ ಕೊನೆಯವರೆಗೆ ಕಾಪಾಡಿಕೊಳ್ಳುತ್ತದೆ. ಹಿಚ್‌ಕಾಕ್ ಮಾತ್ರ ಚಿತ್ರದ ಮೂರನೆಯ ಎರಡು ಭಾಗ ಮುಗಿಯುವ ಹೊತ್ತಿಗೇ, ಜೂಡಿ ಪತ್ರ ಬರೆದು ಹರಿದುಹಾಕುವ ದೃಶ್ಯದಲ್ಲಿ, ಪ್ರೇಕ್ಷಕನಿಗೆ ಎಲ್ಲವನ್ನೂ ಹೇಳಿಬಿಟ್ಟ. ಆ ದೃಶ್ಯ ಇರಬೇಕೇ ಬೇಡವೇ ಎಂದು ಬಿಡುಗಡೆಗೆ ಮುನ್ನ ಜಗ್ಗಾಟವೂ ನಡೆಯಿತು.

ಅದು ಉಳಿದದ್ದರಿಂದ ಚಿತ್ರಕ್ಕೆ ದಕ್ಕಿದ್ದೇನು? ಮುಂದೆ ಸ್ಕಾಟಿ ಜೂಡಿಗೆ ಮೆಡಲಿನ್‌ಳ ಬೂದುಬಣ್ಣದ ಉಡುಪನ್ನೇ ಹುಡುಕಿ ತರುತ್ತಾನೆ, ಕೂದಲಿಗೆ ಅದೇ ಹೊನ್ನಬಣ್ಣ ಹಚ್ಚಿಸುತ್ತಾನೆ, ತುರುಬೂ ಹಾಗೆಯೇ ಇರಬೇಕೆಂದು ಹಟ ಹಿಡಿಯುತ್ತಾನೆ. ಹೊರಗಿನ ನಿಯಾನ್ ಫಲಕದ ಹಸಿರು ಬೆಳಕು ತುಂಬಿದ ಹೋಟೆಲ್ ಕೋಣೆಯಲ್ಲಿ ಅವಳು ಸ್ನಾನದ ಮನೆಯಿಂದ ಹೊರಬರುವಾಗ ಪ್ರೇತವೇ ನಡೆದುಬಂದ ಹಾಗೆ ಕಾಣುತ್ತಾಳೆ. ಗುಟ್ಟು ಗೊತ್ತಿಲ್ಲದಿದ್ದರೆ ಇದು ಬರಿ ಹುಚ್ಚನೊಬ್ಬನ ಹಟ. ಗೊತ್ತಿರುವುದರಿಂದ ನಾವು ಇಬ್ಬರ ಸಂಕಟವನ್ನೂ ಒಟ್ಟಿಗೆ ನೋಡುತ್ತೇವೆ: ಸತ್ತವಳನ್ನು ಬಯಸುವ ಅವನದು, ತಾನಾಗಿಯೇ ತನ್ನನ್ನು ಪ್ರೀತಿಸಲೆಂದು ಕಾಯುವ ಅವಳದು. ಕಾರ್ಲೊಟ್ಟಾಳ ಹಾರವನ್ನು ಜೂಡಿ ಕೊರಳಿಗೆ ಹಾಕಿಕೊಂಡದ್ದು ಕನ್ನಡಿಯಲ್ಲಿ ಕಂಡಾಗ ಸ್ಕಾಟಿಗೆ ನಿಜ ಹೊಳೆಯುತ್ತದೆ. ಇಲ್ಲೂ ಹಾರ ಬಂದದ್ದು ಕಾಕತಾಳೀಯವೇ ಇರಲಿ. ನಾವು ಅಲ್ಲಿಯವರೆಗೆ ಕಾದದ್ದು ನಮಗೆ ತಿಳಿಯಲೆಂದಲ್ಲ, ಅವನಿಗೆ ತಿಳಿಯಲೆಂದು.

ಹಿಚ್‌ಕಾಕ್ ಫ್ರಾನ್ಸ್ವಾ ತ್ರೂಫೋಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಮೇಜಿನಡಿಯ ಬಾಂಬಿನ ಪ್ರಸಿದ್ಧ ಉದಾಹರಣೆಯಿದೆ. ಬಾಂಬ್ ಇರುವುದು ಪ್ರೇಕ್ಷಕನಿಗೆ ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು, ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ಕರಾಳ ಕಥನ ಇದನ್ನು ಇನ್ನಷ್ಟು ಮುಂದಕ್ಕೊಯ್ಯುತ್ತದೆ. ಬಿಲ್ಲಿ ವೈಲ್ಡರನ 'ಡಬಲ್ ಇಂಡೆಮ್ನಿಟಿ' (1944) ಆರಂಭವಾಗುವುದೇ ಗುಂಡೇಟು ತಿಂದ ವಿಮಾ ಏಜೆಂಟ್ ವಾಲ್ಟರ್ ನೆಫ್ ಧ್ವನಿಮುದ್ರಣ ಯಂತ್ರದ ಮುಂದೆ ಕೊಲೆಯನ್ನು ಒಪ್ಪಿಕೊಳ್ಳುವುದರಿಂದ. ಹಣವೂ ದಕ್ಕಲಿಲ್ಲ, ಹೆಣ್ಣೂ ದಕ್ಕಲಿಲ್ಲವೆಂದು ಅಲ್ಲೇ ತಿಳಿಯುತ್ತದೆ. ಆಮೇಲೆ ಹೆಣವನ್ನು ರೈಲುಹಳಿಯ ಮೇಲೆ ಹಾಕಿ ಬಂದು ಇಬ್ಬರೂ ಕಾರಿನಲ್ಲಿ ಕೂರುತ್ತಾರೆ. ಎಂಜಿನ್ ಕೆಮ್ಮುತ್ತದೆ, ಹೊತ್ತಿಕೊಳ್ಳುವುದಿಲ್ಲ. ಆ ಗಳಿಗೆಯಲ್ಲಿ ಕೊಲೆಗಾರರ ಕಾರು ಚಾಲೂ ಆಗಲೆಂದು ಹಂಬಲಿಸದ ಪ್ರೇಕ್ಷಕನಿಲ್ಲ. ಅವರು ಸಿಕ್ಕಿಬೀಳುತ್ತಾರೆಂದು ಅವನಿಗೆ ಆಗಲೇ ಗೊತ್ತು. ನೀತಿಗೂ ಸಲ್ಲದ, ಮಾಹಿತಿಗೂ ಸಲ್ಲದ ಈ ಹಂಬಲವನ್ನು ಬರಿಯ ಕುತೂಹಲದ ಲೆಕ್ಕದಲ್ಲಿ ವಿವರಿಸಲು ಬರುವುದಿಲ್ಲ.

ಮನೋವಿಜ್ಞಾನಿಗಳು ಈ ಒಗಟನ್ನು ಪ್ರಯೋಗಶಾಲೆಗೂ ಒಯ್ದಿದ್ದಾರೆ. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾದನೆಂಬ ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಆಗುತ್ತದೋ ಇಲ್ಲವೋ ಎಂಬಂತೆ ಬರೆದು ಓದಿಸಿದರೆ, ಆಮೇಲೆ ಅದು ನಿಜವೇ ಎಂದು ಕೇಳಿದಾಗ ಓದುಗರು ಉತ್ತರಿಸಲು ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆಂದು ರಿಚರ್ಡ್ ಗೆರಿಗ್ 1989ರಲ್ಲಿ ತೋರಿಸಿದರು. 2011ರಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ಹನ್ನೆರಡು ಸಣ್ಣಕಥೆಗಳನ್ನಿಟ್ಟುಕೊಂಡು, ಅಂತ್ಯ ಮೊದಲೇ ತಿಳಿದ ಓದುಗರು ಕಥೆಯನ್ನು ಹೆಚ್ಚೇ ಮೆಚ್ಚಿದರೆಂದು ವರದಿ ಮಾಡಿದರು. ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ಅವರ ಪ್ರಯೋಗದಲ್ಲಿ ಫಲಿತಾಂಶ ಉಲ್ಟಾ ಬಂತು. ನನಗೆ ಈ ಜಗಳದಲ್ಲಿ ಅಷ್ಟು ಆಸಕ್ತಿಯಿಲ್ಲ, ಏಕೆಂದರೆ ಎರಡೂ ಕಡೆಯವರು ಅಳೆದದ್ದು ಅಂಕಗಳಲ್ಲಿ ಎಷ್ಟು ಮೆಚ್ಚಿದರೆಂಬುದನ್ನು. ಯಾವ ಬಗೆಯಲ್ಲಿ ಮೆಚ್ಚಿದರೆಂಬುದನ್ನಲ್ಲ. ಗೆರಿಗ್ ಕಂಡ ಆ ಸಣ್ಣ ತಡವರಿಕೆಯೇ ಹೆಚ್ಚು ಮುಖ್ಯ. ನೆನಪಿನಲ್ಲಿರುವುದನ್ನು ಓದಿನ ಹೊತ್ತಿಗೆ ಮನಸ್ಸು ಬದಿಗೆ ಸರಿಸಿಡಬಲ್ಲದು.

ಹಾಗೆ ಸರಿಸಿಡುವುದು ಹೇಗೆ ಸಾಧ್ಯವೆಂಬುದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಉತ್ತರವಿದೆ. ರಸಾನುಭವ ಎಂದರೇನೆಂದು ವಿವರಿಸುವಾಗ ಅಭಿನವಗುಪ್ತ ಆಯ್ದುಕೊಂಡ ಉದಾಹರಣೆ ಶೃಂಗಾರದ್ದಲ್ಲ, ಭಯಾನಕದ್ದು. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಹೆದರಿ, ಕೊರಳು ತಿರುಗಿಸಿ ರಥವನ್ನು ನೋಡುತ್ತ, ಅರೆ ಜಗಿದ ದರ್ಭೆಯನ್ನು ಬಾಯಿಂದ ಉದುರಿಸುತ್ತ ಓಡುವ ಜಿಂಕೆ. ಅಲ್ಲಿ ನಮಗೆ ತೋರುವ ಭಯ ಈ ಜಿಂಕೆಯದೂ ಅಲ್ಲ, ನಮ್ಮದೂ ಅಲ್ಲ. 'ನಾನು ಹೆದರಿದೆ', 'ಅವನು ಹೆದರಿದ' ಎಂಬ ಗುರುತುಗಳು ಕಳಚಿ, ದೇಶಕಾಲಗಳ ಸೋಂಕಿಲ್ಲದೆ, ಭಯವೊಂದೇ ಕಣ್ಣ ಮುಂದೆ ಕುಣಿಯುತ್ತದೆ ಎನ್ನುತ್ತಾನೆ ಅವನು. ಅವನು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಆ ಜಿಂಕೆ ಸಾಯುವುದಿಲ್ಲ. ಇದು ಆಶ್ರಮದ ಮೃಗವೆಂದು ತಪಸ್ವಿ ಬಂದು ತಡೆಯುತ್ತಾನೆ, ನಾಟಕ ಬಲ್ಲ ಪ್ರತಿ ಸಹೃದಯನಿಗೂ ಅದು ಗೊತ್ತು. ಅಂದರೆ ಭಯಾನಕಕ್ಕೆ ಅವನು ಕೊಟ್ಟ ಮೇಲ್ಪಂಕ್ತಿಯೇ ಅಂತ್ಯ ಗೊತ್ತಿರುವ ಭಯ. ದೇಶಕಾಲ ಕಳಚಿದ ಮೇಲೆ 'ಮುಂದೆ' ಎಂಬುದೂ ಕಳಚುತ್ತದೆ. ತಪಸ್ವಿ ಬರುವ ಗಳಿಗೆ ಓಡುವ ಗಳಿಗೆಯನ್ನು ಮುಟ್ಟಲಾರದು.

ಹತ್ತನೆಯ ಶತಮಾನದ್ದೇ ಆದ ಧನಂಜಯನ ದಶರೂಪಕ ಇದಕ್ಕೆ ಕಥಾಶರೀರದ ಕಡೆಯಿಂದ ಬೆಂಬಲ ಕೊಡುತ್ತದೆ. ಗರ್ಭಸಂಧಿಯೆಂದರೆ ಕಂಡು ಮರೆಯಾದ ಬೀಜವನ್ನು ಮತ್ತೆ ಮತ್ತೆ ಅರಸುವುದು ಎಂದು ಅವನ ಲಕ್ಷಣ. ಪತ್ತೇದಾರಿ ಕಥೆಗೆ ಇದಕ್ಕಿಂತ ಅಡಕವಾದ ವ್ಯಾಖ್ಯೆ ನಾನು ಕಂಡಿಲ್ಲ. ಕೊನೆಯ ಸಂಧಿಯಲ್ಲಿ ಅದ್ಭುತ ರಸವಿರಬೇಕೆಂದು ಭರತ ವಿಧಿಸಿರುವುದನ್ನೂ ನೆನೆಯಬಹುದು. ಆದರೆ ರಸಸಿದ್ಧಾಂತವನ್ನು ಇಡಿಯಾಗಿ ಇಲ್ಲಿಗೆ ಹೊಂದಿಸುವುದು ತಪ್ಪಾದೀತು. ನಾಟ್ಯಶಾಸ್ತ್ರ ಭಯಾನಕದ ವಿಭಾವಗಳಲ್ಲಿ ಪಾಳುಮನೆ, ಕಾಡು, ನರಿ ಗೂಬೆಗಳ ಕೂಗನ್ನು ಎಣಿಸಿ ಇಂದಿನ ದೆವ್ವದ ಚಿತ್ರಕ್ಕೆ ಸಾಮಾನು ಒದಗಿಸಿದೆಯಾದರೂ, ಭಯಕ್ಕೆ ಹೆಂಗಸರನ್ನೂ ನೀಚರನ್ನೂ ಆಶ್ರಯವಾಗಿಸಿ ಉತ್ತಮ ನಾಯಕನನ್ನು ಅದರಿಂದ ಪಾರುಮಾಡುತ್ತದೆ. ಕರಾಳ ಕಥನಕ್ಕೆ ಉತ್ತಮ ನಾಯಕನೇ ಇಲ್ಲ. ನೆಫ್‌ನ ಕಾರಿನಲ್ಲಿ ಕೂತಾಗ ನಮ್ಮ ಆತಂಕ ಗುರುತುಗಳು ಕಳಚಿ ಸಾಧಾರಣೀಕರಣಗೊಂಡ ನಿರ್ಮಲ ಭಯವಲ್ಲ. ಅದರಲ್ಲಿ ಪಾಲುಗಾರಿಕೆಯ ಕೊಳೆಯಿದೆ, ರುಚಿಯೂ ಆ ಕೊಳೆಯಲ್ಲೇ ಇದೆ.

ಕೊಲೆಗಾರನನ್ನು ಕೊನೆಯವರೆಗೆ ಮುಚ್ಚಿಡುವ ಶುದ್ಧ ಪತ್ತೇದಾರಿ ನನ್ನ ವಾದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದು ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದ ಎನ್. ನರಸಿಂಹಯ್ಯನವರ ಪುಸ್ತಕದ ಕೊನೆಯ ಪುಟವನ್ನು ಯಾರಾದರೂ ಹರಿದಿಟ್ಟುಕೊಂಡರೆ ಜಗಳವೇ ಆಗುತ್ತಿತ್ತು. ಅಗಾಥಾ ಕ್ರಿಸ್ಟಿಯ 'ರೋಜರ್ ಆಕ್ರಾಯ್ಡ್‌ನ ಕೊಲೆ'ಯನ್ನು (1926) ಎರಡನೆಯ ಸಲ ಓದುವಾಗ ಮಾತುಗಳ ನಡುವೆ ಬಿಟ್ಟ ಸಂದುಗಳು ಕಂಡು ಬೇರೆಯೇ ಸುಖ ಸಿಗುತ್ತದೆ. ಆದರೆ ಇಷ್ಟೆಲ್ಲ ವಾದಿಸಿದ ಮೇಲೂ ಅಲ್ಲಿನ ಕೊಲೆಗಾರ ಯಾರೆಂದು ಇಲ್ಲಿ ಬರೆಯಲು ನನಗೆ ಧೈರ್ಯವಿಲ್ಲ. ಮೊದಲ ಓದು ಒಮ್ಮೆ ಮಾತ್ರ ದಕ್ಕುವಂಥದು ಎಂಬುದು ಒಪ್ಪಬೇಕಾದ ಮಾತು. ಅದೊಂದೇ ಓದು ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅತಿಮಾನುಷ ಕಥನದಲ್ಲಿ ತಿಳಿವಿನ ಹಂಚಿಕೆ ಇನ್ನೂ ತೊಡಕಾಗುತ್ತದೆ, ಏಕೆಂದರೆ ಅಲ್ಲಿ ಪಾತ್ರ, ಓದುಗ ಇಬ್ಬರಿಗೂ ತಿಳಿಯುವುದು ಸಾಧ್ಯವೇ ಎಂಬುದೇ ಅನುಮಾನ. ಸಹಜ ಕಾರಣಕ್ಕೂ ಅಲೌಕಿಕ ಕಾರಣಕ್ಕೂ ನಡುವೆ ಓದುಗ ಹೊಯ್ದಾಡುವಷ್ಟು ಹೊತ್ತು ಮಾತ್ರ ಈ ಪ್ರಕಾರ ಬದುಕಿರುತ್ತದೆಂದು ತ್ಸ್ವೆಟಾನ್ ತೊದೊರೊವ್ 1970ರಲ್ಲಿ ವಾದಿಸಿದ. ಹೆನ್ರಿ ಜೇಮ್ಸ್‌ನ 'ದಿ ಟರ್ನ್ ಆಫ್ ದಿ ಸ್ಕ್ರೂ' (1898) ಅವನಿಗೆ ಹೇಳಿಮಾಡಿಸಿದ ಸಾಕ್ಷಿ. ಕನ್ನಡ ಪ್ರೇಕ್ಷಕನ ಅನುಭವ ಇದನ್ನು ಪೂರ್ತಿ ಒಪ್ಪುವುದಿಲ್ಲ. ಮಲಯಾಳದ 'ಮಣಿಚಿತ್ರತ್ತಾಳ್' (1993) ಆಧರಿಸಿ ಪಿ. ವಾಸು ಮಾಡಿದ 'ಆಪ್ತಮಿತ್ರ' (2004) ಹೊಯ್ದಾಟವನ್ನು ಸ್ಪಷ್ಟವಾಗಿಯೇ ಮುಗಿಸುತ್ತದೆ: ಕಾಡುತ್ತಿರುವುದು ದೆವ್ವವಲ್ಲ, ನಾಯಕಿ ಗಂಗಾಳ ಮನಸ್ಸಿನೊಳಗೆ ಹುಟ್ಟಿಕೊಂಡ ನಾಗವಲ್ಲಿ ಎಂಬ ಇನ್ನೊಬ್ಬಳು. ವಿಷ್ಣುವರ್ಧನ್ ಪಾತ್ರದ ಮನೋವೈದ್ಯ ಅದನ್ನು ಬಿಡಿಸಿ ಹೇಳುತ್ತಾನೆ. ಹಾಗೆ ಹೇಳಿದ ಮೇಲೆಯೇ ಸೌಂದರ್ಯ ನಾಗವಲ್ಲಿಯಾಗಿ ಕುಣಿಯುವ ದೃಶ್ಯ ಹೆಚ್ಚು ಮೈ ಜುಮ್ಮೆನಿಸುವುದು. ಇದೇ ಕಥೆ ಮರುವರ್ಷ ತಮಿಳಿನಲ್ಲಿ 'ಚಂದ್ರಮುಖಿ'ಯಾಗಿ, 2007ರಲ್ಲಿ ಹಿಂದಿಯ 'ಭೂಲ್ ಭುಲಯ್ಯಾ' ಆಗಿ ಬಂದಾಗ, ಬೀಗ ಹಾಕಿದ ಕೋಣೆಯಲ್ಲಿ ಏನಿದೆಯೆಂದು ಬಲ್ಲ ಪ್ರೇಕ್ಷಕರೂ ಮತ್ತೆ ಹೋಗಿ ಕೂತರು. ಅಂಥವರು ಚಿತ್ರದ ಮೊದಲರ್ಧದಲ್ಲಿ ಅನುಮಾನ ಬೇರೊಬ್ಬ ಹೆಣ್ಣಿನ ಮೇಲೆ ಬೀಳುವಾಗ, ಮೂಲೆಯಲ್ಲಿ ನಗುತ್ತ ನಿಂತ ನಾಯಕಿಯನ್ನೇ ನೋಡುತ್ತಿರುತ್ತಾರೆ.

'ಆಪ್ತಮಿತ್ರ'ದಲ್ಲಿ ಚಿಕಿತ್ಸೆಯ ಹೊತ್ತಿಗೆ ವೈದ್ಯ ಮಾಂತ್ರಿಕ ವಿಧಿಯ ನೆರವನ್ನೂ ಪಡೆದು, ನಾಗವಲ್ಲಿಗೆ ಸೇಡು ತೀರಿತೆಂದು ನಂಬಿಸಲು ಒಂದು ನಾಟಕವನ್ನೇ ಹೂಡುತ್ತಾನೆ. ಅವಳು ಸೇಡು ತೀರಿಸಿಕೊಳ್ಳಬೇಕಾದ ರಾಜನ ಜಾಗಕ್ಕೆ ಬೊಂಬೆ ಬರುತ್ತದೆ. ವಿಜ್ಞಾನವನ್ನೂ ಮೂಢನಂಬಿಕೆಯನ್ನೂ ಒಂದೇ ತಟ್ಟೆಯಲ್ಲಿ ಬಡಿಸಿದ ರಾಜಿಯೆಂದು ಇದನ್ನು ಟೀಕಿಸಲು ಬರುತ್ತದೆ. ಕಥನದ ಕಡೆಯಿಂದ ನೋಡಿದರೆ ಅದು ರಾಜಿಯಲ್ಲ. ಮನೋವೈದ್ಯನಿಗೆ ದೆವ್ವವಿಲ್ಲವೆಂದು ಗೊತ್ತು, ನಾಗವಲ್ಲಿಗೆ ತಾನಿರುವುದು ಗೊತ್ತು. ಎರಡು ತಿಳಿವುಗಳೂ ಒಂದೇ ರಂಗದ ಮೇಲೆ, ಒಂದನ್ನೊಂದು ಅಳಿಸದೆ, ಕೆಲಸ ಮಾಡಿದರೆ ಮಾತ್ರ ಗಂಗಾ ಬದುಕುತ್ತಾಳೆ.